ನಲವತ್ತು ಪೆಟ್ಟಿಗೆ, ಒಬ್ಬ ಆಳು

"ಹೆಬ್ಬೆಟ್ಟು ನೆಟ್ಟಗೆ ಒತ್ತೋಕೂ ಬರಲ್ವೇನೋ, ಕತ್ತೆ? ಕಾಗದ ಗಲೀಜು ಮಾಡ್ಬೇಡ!" ಹಡಗು ಕಂಪನಿಯ ವಕೀಲ ನನ್ನ ಕೈ ಕೊಡವಿದ.

ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಭಾವ ಸಮುದ್ರದ ಪಾಲಾಗಿ ಇಪ್ಪತ್ತು ದಿನವಾಗಿತ್ತು. ನಾನೂ ಭಾವನೂ ಒಂದೇ ಹಡಗಿನ ಆಳುಗಳು.

ವಕೀಲ ಸರಕಿನ ಸಾಹುಕಾರನ ಕಡೆ ತಿರುಗಿದ. "ಸಮುದ್ರದ ಕಾನೂನು ನಿನ್ನೆ ಮೊನ್ನೇದಲ್ಲ ಸ್ವಾಮಿ, ಸಾವಿರಾರು ವರ್ಷದ್ದು. ಬಿರುಗಾಳೀಲಿ ಹಡಗು ಉಳಿಸೋಕೆ ಕ್ಯಾಪ್ಟನ್ ಹೇಳಿ ಸರಕು ಎಸೆಸಿದ್ರೆ, ಆ ನಷ್ಟ ಹಡಗಿನೋರು, ಸರಕಿನೋರು ಎಲ್ಲರೂ ಹಂಚ್ಕೋಬೇಕು. ತಾನಾಗೇ ಬಿದ್ದು ಹೋದ್ರೆ ಅವರವರ ಹಣೆಬರಹ."

ನನ್ನ ಸಾಕ್ಷಿ ಬೇಕಾಗಿದ್ದುದು ಅದಕ್ಕೇ. ಕಾಗದದಲ್ಲಿ ಬರೆದದ್ದು ಇಷ್ಟು: ನಲವತ್ತು ಪೆಟ್ಟಿಗೆ, ಕ್ಯಾಪ್ಟನ್ ಹೇಳಿ ಎಸೆಸಿದ್ದು. ಒಬ್ಬ ಆಳು, ಕುಡಿದು ಕಾಲು ಜಾರಿ ಬಿದ್ದದ್ದು.

"ಅವ್ರು ಕುಡೀತಿರ್ಲಿಲ್ಲ ಸ್ವಾಮಿ," ಎಂದಳು ಅಕ್ಕ.

ಸಾಹುಕಾರ ನಕ್ಕ. "ಗಂಡಸರು ಹಡಗಲ್ಲಿ ಏನ್ಮಾಡ್ತಾರೆ ಅಂತ ನಿಂಗೇನಮ್ಮ ಗೊತ್ತು?"

ಅಕ್ಕ ನನ್ನ ಕಡೆ ತಿರುಗಿದಳು. "ನೀನಾದ್ರೂ ಹೇಳೋ. ಜೊತೇಲೇ ಇದ್ಯಲ್ಲ."

ನಾನು ಮತ್ತೆ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡೆ. ನಾಳೆ ಅದೇ ಹಡಗು ಹೊರಡುವುದಿತ್ತು, ಆಳುಗಳ ಪಟ್ಟಿಯಲ್ಲಿ ನಾನೂ ಇದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

"ಹೇಳೋ," ಎಂದಳು ಅಕ್ಕ ಮತ್ತೆ.

"ಕುಡಿದಿರ್ಲಿಲ್ಲ," ಎಂದೆ. "ಜಾರಲೂ ಇಲ್ಲ. ಪೆಟ್ಟಿಗೆ ಕಟ್ಟಿದ ಹಗ್ಗ ಕೊಯ್ದೋನು ನಾನು. ಭಾವ ಆಚೆ ಬದೀಲಿ ಗಂಟು ಬಿಚ್ತಿದ್ದ. ಅವನಿನ್ನೂ ಅಲ್ಲೇ ಇದ್ದಾನೆ ಅಂತ ಕೂಗ್ದೆ. 'ಕೊಯ್ಯೋ ಸೂಳೆಮಗನೆ, ಹಡಗು ಮಗುಚುತ್ತೆ' ಅಂದ ಕ್ಯಾಪ್ಟನ್. ಕೊಯ್ದೆ. ಪೆಟ್ಟಿಗೆ ಜೊತೆ ಅವನೂ ಹೋದ."

ವಕೀಲ ಕಾಗದದ ಮೇಲೆ ಕೈ ಇಟ್ಟ. "ಬಾಯ್ಮುಚ್ಚೋ! ಕೆಲಸ ಬೇಕೋ ಬೇಡ್ವೋ?"

"ನಲವತ್ತೊಂದು ಅಂತ ಬರ್ಕೊಳ್ಳಿ. ಅವನನ್ನೂ ಹಡಗು ಉಳಿಸೋಕೇ ಎಸೆದದ್ದು. ಹಂಚ್ಕೊಳ್ಳಿ ಈಗ!"

ಗಂಟಲು ಹರಿಯುವಂತೆ ಕೂಗಿಬಿಟ್ಟೆ. ಆದರೆ ಅಕ್ಕನ ಮುಖ ನೋಡುವ ಧೈರ್ಯ ಬರಲಿಲ್ಲ. ಅವಳೇ ಹತ್ತಿರ ಬಂದಳು.

"ಇಷ್ಟು ದಿನ ನನ್ನ ಕೈಲೇ ಬಡಿಸ್ಕೊಂಡು ಉಂಡ್ಯಲ್ಲೋ."

ಆಮೇಲೆ ವಕೀಲನ ಕೈಯನ್ನು ಕಾಗದದ ಮೇಲಿಂದ ಎತ್ತಿ ಪಕ್ಕಕ್ಕಿಟ್ಟಳು.

"ಬರೀರಿ. ಎಸೆಸಿದೋರ ಹೆಸರು ಬರೀರಿ. ಕೊಯ್ದೋನ ಹೆಸರೂ ಬರೀರಿ."