ಕಲ್ಯಾಣಿ ಮೆಟ್ಟಿಲ ಮೇಲೆ ಅಮ್ಮ ನಕ್ಕಿದ್ದು

ಲೇ ರಂಜಿತಾ, ನಿಮ್ಮಮ್ಮ ವೈರಲ್ ಆಗ್ಬಿಟ್ಟಿದಾರೆ ಕಣೇ, ಲಕ್ಷಗಟ್ಟಲೆ ಜನ ನೋಡಿದಾರೆ, ಎದ್ದು ನೋಡೇ — ಮೇಲುಕೋಟೆಯಿಂದ ಗೆಳತಿ ಅಪರ್ಣ ಫೋನಿನಲ್ಲಿ ಹಾಗೆ ಕಿರುಚಿದಾಗ ರಂಜಿತ ಹಾಸಿಗೆಯ ಮೇಲೆ ಕುಣಿದಿದ್ದಳಲ್ಲ, ಈಗ ಅದೇ ಫೋನು ಅಂಗೈಯಲ್ಲಿ ಬೆವರುತ್ತಿದೆ, ಅದೇ ತುಣುಕು ತಿರುತಿರುಗಿ ಬರುತ್ತಿದೆ, ಮೊನ್ನೆ ಅಮ್ಮನನ್ನು ಕರೆದುಕೊಂಡು ಹೋಗಿದ್ದ ಮೇಲುಕೋಟೆ ಕಲ್ಯಾಣಿಯ ಮೆಟ್ಟಿಲು, ಕೋತಿ, ಕೋತಿ ಕಿತ್ತುಕೊಂಡ ಪುಳಿಯೋಗರೆ ಪೊಟ್ಟಣ, ಮೆಣಸಿನಕಾಯಿ ಕಚ್ಚಿ ಅದು ಮೂತಿ ಸೊಟ್ಟ ಮಾಡುವುದು, ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುವುದು, ಮತ್ತೆ ಮೆಟ್ಟಿಲು, ಮತ್ತೆ ಕೋತಿ, ಮತ್ತೆ ಅಮ್ಮ. ಎಷ್ಟು ಚೆನ್ನಾಗಿ ನಗುತ್ತಾಳೆ, ಅಪ್ಪ ಹೋದಮೇಲೆ ಅದೇ ಮೊದಲು, ಎದುರಿನ ಮೆಟ್ಟಿಲಲ್ಲಿ ಯಾರೋ ಫೋನು ಹಿಡಿದು ಕೂತದ್ದು ಅಮ್ಮನಿಗೂ ಕಾಣಲಿಲ್ಲ, ಇವಳಿಗೂ ಕಾಣಲಿಲ್ಲ — ಮತ್ತು ಆ ಹೂವು, ಅಯ್ಯೋ ಆ ಒಂದು ಗೇಣು ಕಾಕಡಾ, ಬ್ಯಾಡ ಕಣವ್ವ, ವರ್ಸ ತುಂಬಿಲ್ಲ, ಯಾರಾರ ನೋಡಾರು, ಅಮ್ಮ ತಲೆ ಹಿಂದಕ್ಕೆ ಎಳೆದುಕೊಂಡಳು, ಇಲ್ಲಿ ನಮ್ಮೂರೋರು ಯಾರವ್ರಮ್ಮ, ಸುಮ್ಕಿರು ಅಂತ ಇವಳೇ ಸಿಕ್ಕಿಸಿದಳು. ಅದಾದರೂ ಹೋಗಲಿ. ವಿಡಿಯೊದಲ್ಲಿ ಹೆಸರಿರಲಿಲ್ಲ, ಊರಿರಲಿಲ್ಲ, ಯಾರೋ ಒಬ್ಬ ಅಮ್ಮ ಅಷ್ಟೆ, ಕೆಳಗೆ ಕಮೆಂಟಿನಲ್ಲಿ ನಮ್ಮಮ್ಮ ನಮ್ಮಮ್ಮ, ಬಿಂಡಿಗನವಿಲೆ ಜಯಲಕ್ಷ್ಮಮ್ಮ ಅಂತ ಸಾಲು ಹಾರ್ಟು ಸಮೇತ ಬರೆದವಳು ಯಾರು? ಇದೇ ಹೆಬ್ಬೆರಳು. ಅಳಿಸುವಷ್ಟರಲ್ಲಿ ಊರಿನ ಗ್ರೂಪಿಗೆಲ್ಲ ಹೋಗಿತ್ತು.

ಸಂಜೆಗೆ ದೊಡ್ಡಪ್ಪ ಚಿಕ್ಕಸ್ವಾಮಿ ಬಂದ, ಚಪ್ಪಲಿಯನ್ನೂ ಬಿಡಲಿಲ್ಲ, ಜಗಲಿಯ ಕೆಳಗೇ ನಿಂತ, ನನ್ ತಮ್ಮ ಸತ್ತು ಇನ್ನ ವರ್ಸ ತುಂಬಿಲ್ಲ, ಊ ಮುಡ್ಕಂಡು ಕೋತಿ ಆಟ ನೋಡಕ್ಕೋಗಿದ್ಯಲ್ಲ, ದೇಸಕ್ಕೆಲ್ಲ ಅಲ್ಲು ತೋರ್ಸ್ಬುಟ್ಟೆ, ಅದು ಫೋನಲ್ಲಿ ಇರಗಂಟ ನೀನು ಅವನ್ಗೆ ಎಡೆ ಇಕ್ಕಂಗಿಲ್ಲ, ಭಾನ್ವಾರ ತಿಥಿ ದಿನ ಕೊಟ್ಗೇಲಿ ಕುಂತಿರು. ಅಮ್ಮ ಒಳಗೆ ಹೋಗಿ, ಅಪ್ಪನಿಗೆ ಇಷ್ಟ ಅಂತ ಕಜ್ಜಾಯಕ್ಕೆ ತಂದಿದ್ದ ಬೆಲ್ಲವನ್ನು ತೆಗೆದು ಅಟ್ಟದ ಮೇಲಿಟ್ಟಳು. ಬೆಳಿಗ್ಗೆ ಹಾಲು ಹಾಕಲು ಡೈರಿಗೆ ಹೋದರೆ ಸಾಲಿನಲ್ಲಿದ್ದ ಹುಡುಗರು, ಅಕ್ಕೋ, ಒಂದ್ಸಲ ನಗಕ್ಕೋ, ಅಂದರಂತೆ, ಕ್ಯಾನು ಅಲ್ಲೇ ಬಿಟ್ಟು ಮನೆಗಳ ಹಿತ್ತಲಿಂದ ಹಿತ್ತಲಿಗೆ ದಾಟಿ ಬಂದಿದ್ದಾಳೆ, ಆಗಿನಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ, ಅಮ್ಮಾ ಒಂದು ತುತ್ತು ತಿನ್ನಮ್ಮ ಅಂದರೆ ಸೆರಗು ಇನ್ನೂ ಬಿಗಿಯಾಗುತ್ತದೆ. ರಂಜಿತ ಆ ವಿಡಿಯೊ ಮೇಲೆ ದೂರು ಕೊಟ್ಟಳು, ನಮ್ಮ ನಿಯಮಗಳಿಗೆ ವಿರುದ್ಧವಾಗಿಲ್ಲ ಅಂತ ತಕ್ಷಣ ಉತ್ತರ, ಮತ್ತೆ ಕೊಟ್ಟಳು, ಮತ್ತೆ ಅದೇ. ಪೊಲೀಸ್ ಕಂಪ್ಲೇಂಟ್ ಕೊಡೋಣ ಕಣೇ, ಅಂದಳು ಅಪರ್ಣ, ಏನಂತ ಕೊಡುವುದು, ಬಟ್ಟೆ ನೆಟ್ಟಗಿದೆ, ಕೆಟ್ಟ ಮಾತಿಲ್ಲ, ನಮ್ಮಮ್ಮ ನೆನಪಾದ್ರು, ದೃಷ್ಟಿ ತೆಗೀರಿ, ಎಲ್ಲರೂ ಒಳ್ಳೆಯದನ್ನೇ ಬರೆದಿದ್ದಾರೆ, ಒಬ್ಬರಾದರೂ ಬೈದಿದ್ದರೆ ತೋರಿಸಬಹುದಿತ್ತು.

ಕೊನೆಗೆ ವಿಡಿಯೊ ಹಾಕಿದವನನ್ನೇ ಮೆಸೇಜಿನಲ್ಲಿ ಹಿಡಿದಳು, ದಿಲೀಪ್ ಅಂತೆ, ಪಾಂಡವಪುರದವನು, ಅಣ್ಣಾ ದಯವಿಟ್ಟು ತೆಗೀರಣ್ಣ, ನಮ್ಮಮ್ಮ ಊಟ ಬಿಟ್ಟವ್ರೆ. ಅಯ್ಯೋ ಸಿಸ್ಟರ್, ನಾನೇನ್ ಕೆಟ್ಟದ್ ಹಾಕಿದೀನಾ, ಪಬ್ಲಿಕ್ ಜಾಗ ಅಲ್ವಾ. ಭಾನುವಾರದ ಒಳಗೆ ತೆಗೀರಣ್ಣ, ಇಲ್ಲಾಂದ್ರೆ ಅಪ್ಪನ್ಗೆ ಎಡೆ ಇಕ್ಕಕ್ಕೆ ಬುಡಲ್ಲ. ಅಷ್ಟು ಹೇಳಬಾರದಿತ್ತೇನೋ, ಅವನು ಟೈಪ್ ಮಾಡುತ್ತಾನೆ, ನಿಲ್ಲಿಸುತ್ತಾನೆ, ಮತ್ತೆ ಮಾಡುತ್ತಾನೆ — ಗಂಡ ತೀರ್ಕೊಂಡಿದಾರಾ? ಮೊದ್ಲೇ ಹೇಳ್ಬಾರ್ದಾ! ಇದ್ ತೆಗೀತೀನಿ ಸಿಸ್ಟರ್, ಪ್ರಾಮಿಸ್, ಆದ್ರೆ ಸುಮ್ನೆ ತೆಗೆದ್ರೆ ನನ್ ಪೇಜ್ ಸತ್ತೋಗತ್ತೆ, ಅದ್ರ ಬದ್ಲು ಅಮ್ಮನ ಕರ್ಕೊಂಡ್ ಬನ್ನಿ, ಅದೇ ಮೆಟ್ಲು, ಆ ಕಥೆ ಅವ್ರ ಬಾಯಲ್ಲೇ ಹೇಳ್ಸೋಣ, ಒಂದೇ ನಿಮ್ಷ. ಥೂ. ಬರೆಯಬೇಕು ಥೂ ಅಂತ, ಬೆರಳು ಓಡುವುದಿಲ್ಲ, ಭಾನುವಾರ ಹತ್ತಿರವೇ ಇದೆ, ಒಂದು ನಿಮಿಷ ತಾನೆ, ಇಲ್ಲ, ಆಗಲ್ಲ, ಮತ್ತೆ ಎಲ್ಲರೂ ನೋಡುತ್ತಾರೆ, ಆದರೆ ಎಡೆ — ಏನಂದ ಅವ್ನು, ಗೋಡೆಯ ಕಡೆಯಿಂದ ಅಮ್ಮನ ದನಿ. ಯಾವಾಗಿನಿಂದ ಎಚ್ಚರವಿದ್ದಳೋ. ರಂಜಿತ ಓದಿ ಹೇಳಿದಳು, ಒಂದೂ ಬಿಡದೆ. ಅಮ್ಮ ಮುಖ ತಿರುಗಿಸದೆಯೇ, ಈ ಸಲ ನಗ್ಬೇಕಾ ಅಳ್ಬೇಕಾ, ಕೇಳವ್ವ, ಅಂದಳು. ಕೇಳಿದಳು, ಹುಚ್ಚಿ, ಕೇಳೇಬಿಟ್ಟಳು. ಅತ್ರೆ ಒಳ್ಳೇದು ಸಿಸ್ಟರ್, ಅಂತ ಬಂತು, ಅದರ ಹಿಂದೆಯೇ ಇನ್ನೊಂದು, ನಾಳೆ ಬೆಳಿಗ್ಗೆ ಬಿಸ್ಲು ಏರೋಕ್ ಮುಂಚೆ, ಓಕೆ ನಾ? ಅಮ್ಮ ಎದ್ದು ಕೂತಳು, ಬತ್ತೀವಿ ಅನ್ನು, ಅಂದಳು. ಓಕೆ, ಅಂತ ಒತ್ತಿದಳು ರಂಜಿತ. ಅಮ್ಮ ಗೋಡೆಯ ಕನ್ನಡಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದಾಳೆ, ತುಟಿಗಳನ್ನು ಕೆಳಕ್ಕೆ ಎಳೆಯುತ್ತಾಳೆ, ಬಿಡುತ್ತಾಳೆ, ಮತ್ತೆ ಎಳೆಯುತ್ತಾಳೆ, ಬಿಡುತ್ತಾಳೆ, ಮತ್ತೆ