ನಾಲ್ಕನೇ ನಂಬರಿನ ಗಿರಾಕಿ

ಮೇಜು ಒರೆಸುವ ನೆಪದಲ್ಲಿ ಅನ್ನಪೂರ್ಣಾ ನಾಲ್ಕನೇ ನಂಬರಿನ ಕಂಪ್ಯೂಟರಿನ ಹಿಂದೆ ಬಂದು ನಿಂತಾಗ ಹಣಮಂತಪ್ಪನ ಪರದೆಯ ಮೇಲೆ ಇಂಗ್ಲಿಷಿನ ಮೂರು ಸಾಲುಗಳಿದ್ದವು. 'ನಿನ್ನ ಜೊತೆ ಯಾರೂ ಇಲ್ಲವೇ? ಹೆದರಬೇಡ. ಅಲ್ಲೇ ನಿಂತಿರು, ನಾನು ಬರುತ್ತೇನೆ.'

ಅವನು ಹೊರಳಿ ನೋಡಿದ. "ಒರಸೂದಾತೇನ್ರಿ ಟೀಚರ್?"

"ಆತ್ರಿ," ಎಂದು ಅವಳು ಕೌಂಟರಿಗೆ ಮರಳಿದಳು. ಕೈಯಲ್ಲಿದ್ದ ಬಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ತುಸು ಹೊತ್ತು ಹಿಡಿದುಕೊಂಡೇ ಕೂತಳು.

ಬೈಲಹೊಂಗಲದ ಬಜಾರ ರಸ್ತೆಯ ಈ ಮಹಡಿಯ ಮೇಲೆ ಅವಳು ಹದಿನಾಲ್ಕು ವರ್ಷ ಟೈಪಿಂಗ್ ಕ್ಲಾಸು ನಡೆಸಿದ್ದಳು. ಟೈಪು ಕಲಿಯಲು ಬರುವವರು ನಿಂತುಹೋದ ಮೇಲೆ, ಎರಡು ವರ್ಷದ ಹಿಂದೆ, ಎರಡು ಸಾವಿರದ ಮೂರರಲ್ಲಿ, ಆರು ಕಂಪ್ಯೂಟರು ತಂದು, ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಿ, ಇಂಟರ್‌ನೆಟ್ ಸೆಂಟರ್ ಎಂದು ಬೋರ್ಡು ಹಾಕಿದ್ದಳು. ಹೆಣ್ಣುಮಗಳು ನಡೆಸುವ ಜಾಗ ಎಂಬ ಒಂದೇ ಧೈರ್ಯದ ಮೇಲೆ ಸಂಪಗಾಂವದ ಕಡೆಯಿಂದ ಕಾಲೇಜಿಗೆ ಬರುವ ಹುಡುಗಿಯರನ್ನು ಮನೆಯವರು ಇಲ್ಲಿಗೆ ಕಳಿಸುತ್ತಿದ್ದರು. ಹೋದ ತಿಂಗಳು ಬೇರೊಂದು ಊರಿನ ಸೆಂಟರಿನಲ್ಲಿ ಯಾವನೋ ಒಬ್ಬ ಹುಡುಗಿಯೊಬ್ಬಳಿಗೆ ಸಿಹಿಸಿಹಿಯಾಗಿ ಬರೆದು ಫೋಟೊ ತರಿಸಿಕೊಂಡಿದ್ದ. ಆ ಸೆಂಟರಿನ ಬಾಗಿಲು ಆಮೇಲೆ ತೆರೆಯಲೇ ಇಲ್ಲ.

ಹಣಮಂತಪ್ಪ, ಸವದತ್ತಿ ಬಸ್‌ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕಂಟ್ರೋಲರನಾಗಿದ್ದು ನಿವೃತ್ತನಾದವನು. ದೇವಿಯ ಗುಡ್ಡಕ್ಕೆ ಬಂದ ಮಂದಿ ಉಗರಗೋಳದ ಬಸ್ಸು ಯಾವುದೆಂದು ಕೇಳಿದರೆ ತಲೆಯೆತ್ತದೆ "ಬೋರ್ಡ ಕಾಣೂದಿಲ್ಲೇನ?" ಎನ್ನುವುದರಲ್ಲಿ ಹೆಸರಾಗಿದ್ದ. ಅನ್ನಪೂರ್ಣಾಳಿಗೂ ಒಮ್ಮೆ ಹಾಗೆ ಅಂದಿದ್ದ. ಅಂಥವನು ಈಗ ದಿನಾ ಹನ್ನೊಂದಕ್ಕೆ ಬಂದು ಎರಡು ತಾಸು ಕೂತು, ಪರದೆ ನೋಡುತ್ತ ಒಬ್ಬನೇ ನಗುತ್ತಿದ್ದ.

ಅವನು ಎದ್ದು ಹೋದ ಮೇಲೆ ಅವಳು ನಾಲ್ಕನೇ ನಂಬರಿನಲ್ಲಿ ಅವನು ತೆರೆದದ್ದನ್ನೆಲ್ಲ ಹುಡುಕಿದಳು. ಅದೊಂದು ಆಟ. ಯಾವಯಾವ ದೇಶದವರೋ ಬಂದು ಸೇರುವ ಒಂದು ರಾಜ್ಯ. ಅಲ್ಲಿ ಕಾಡು, ಹೊಳೆ, ಪಾಳುಬಿದ್ದ ಕೋಟೆ. ಹೊಸಬರಿಗೆ ದಾರಿ ಹೇಳಲು ಕೆಲವು ಹಳೆಯ ಆಟಗಾರರು ತಾವಾಗಿಯೇ ಮುಂದೆ ಬಂದಿದ್ದರು. ಅವರ ಹೆಸರಿಗೆ ಹಸಿರು ಚುಕ್ಕೆ. ಅಂಥ ಹೆಸರುಗಳಲ್ಲಿ ಒಂದು 'ಕಂಟ್ರೋಲರ್'.

ಕಾಳುಕಡಿಯ ಅಡತಿ ಅಂಗಡಿಯಲ್ಲಿದ್ದ ತಮ್ಮ ಸುಭಾಸನಿಗೆ ಫೋನು ಮಾಡಿದಳು.

"ಸಂಬಳ ಇಲ್ಲ ಏನಿಲ್ಲ, ಮ್ಯಾಲ ತಾನ ರೊಕ್ಕಾ ಕೊಟ್ಟ ಮಂದೀಗಿ ದಾರಿ ಹೇಳ್ತಾನಂತ?" ಸುಭಾಸ ನಕ್ಕ. "ಅದೂ ಆ ಮನಷ್ಯಾ? ಅಕ್ಕಾ, ಶನಿವಾರ ಬರ್ತೇನಿ. ಅಲ್ಲೀತನಾ ಏನೂ ತಿಳೀಲಾರದಂಗ ಇರು."

ಆದರೆ ಅವಳಿಗೆ ಸುಮ್ಮನಿರಲಾಗಲಿಲ್ಲ. ಮರುದಿನ ಮಂಗಳವಾರ ಕೌಂಟರಿನ ಕಂಪ್ಯೂಟರಿನಲ್ಲಿ 'ನೀಲಾ' ಎಂಬ ಹೆಸರಿನಿಂದ ತಾನೂ ಆಟದೊಳಗೆ ಹೊಕ್ಕಳು. ಹೊಕ್ಕವಳೇ ಕಂಟ್ರೋಲರನಿಗೆ ಬರೆದಳು: ದೋಣಿ ಎಲ್ಲಿ ಸಿಗುತ್ತದೆ?

ಹಲಗೆಯ ಆಚೆ ಎರಡು ಬೆರಳಿನ ಟಕ್, ಟಕ್ ಸದ್ದು ಕೇಳಿತು. ಉತ್ತರ ಬಂತು. ಹೊಳೆಯ ದಂಡೆ ಹಿಡಿದು ಬಲಕ್ಕೆ. ಅವಳು ಬೇಕೆಂದೇ ಎಡಕ್ಕೆ ಹೋಗಿ ಮತ್ತೆ ಕೇಳಿದಳು. ಈ ಸಲ ಅವನು ದಾರಿಯಲ್ಲಿರುವ ಮುರಿದ ಗೋಪುರದ ಗುರುತು ಹೇಳಿದ. ನಾಲ್ಕನೆಯ ಸಲ ಕೇಳಿದಾಗ 'ನಿನಗೆ ಈಗ ಏನೇನು ಕಾಣುತ್ತಿದೆ, ಅದನ್ನು ಮೊದಲು ಹೇಳು' ಎಂದು ಬರೆದ. ಬೇಸರದ ಒಂದು ಶಬ್ದವಿಲ್ಲ. ಬುಧವಾರ 'ನಿಮ್ಮ ದೋಣಿಯನ್ನೇ ಕೊಟ್ಟುಬಿಡಿ' ಎಂದಳು. 'ಕೊಡಬಹುದು. ಆದರೆ ನಾಳೆ ನಾನಿಲ್ಲದಾಗ ನೀನು ದಾಟುವುದು ಹೇಗೆ?' ಎಂಬ ಉತ್ತರ ಬಂತು. ಇಷ್ಟು ಸಹನೆ ಸುಮ್ಮನೆ ಬರುವುದಲ್ಲ, ಇದು ಗಾಳ ಹಾಕಿ ಕೂತವನ ಸಹನೆ ಎಂದುಕೊಂಡಳು.

ಶುಕ್ರವಾರ ತಾನೇ ಗಾಳ ಹಾಕಿದಳು. 'ನನಗೆ ಹದಿನಾರು ವರ್ಷ. ಮನೆಯಲ್ಲಿ ಯಾರೂ ಇಲ್ಲ. ನಿಮ್ಮ ಫೋನ್ ನಂಬರು ಕೊಡಿ.'

ಹಲಗೆಯ ಆಚೆ ಸದ್ದು ನಿಂತಿತು. ಬಹಳ ಹೊತ್ತಿನ ಮೇಲೆ ಟಕ್, ಟಕ್ ಶುರುವಾಯಿತು.

'ನಿನ್ನ ವಯಸ್ಸು, ಊರು, ಫೋನು ಇಲ್ಲಿ ಯಾರಿಗೂ ಹೇಳಬೇಡ. ನನಗೂ ಹೇಳಬೇಡ. ನಾನು ಯಾರೆಂದು ನಿನಗೇನು ಗೊತ್ತು? ಯಾರಾದರೂ ಕೇಳಿದರೆ ಆಟ ನಡೆಸುವವರಿಗೆ ತಿಳಿಸು. ದೋಣಿ ಸಿಕ್ಕಿತೇ?'

ಅವಳು ಅದನ್ನು ಮೂರು ಸಲ ಓದಿದಳು. ಸುಭಾಸನಿಗೆ ಬರಬೇಡ ಎನ್ನಲು ರಿಸೀವರ್ ಎತ್ತಿದಳು. ಅಷ್ಟರಲ್ಲೇ ಬೇರೊಂದು ಯೋಚನೆ ಹೊಕ್ಕಿತು: ನೀಲಾ ನಾನೇ ಎಂದು ಇವನಿಗೆ ಗೊತ್ತಾಗಿರಬಹುದೇ? ರಿಸೀವರ್ ಕೆಳಗಿಟ್ಟಳು.

ಶನಿವಾರ ಸುಭಾಸ ಬಂದಾಗ ಒಳಗೆ ನಾಲ್ಕು ಜನ ಹುಡುಗಿಯರಿದ್ದರು. ಅವನು ನೆಟ್ಟಗೆ ನಾಲ್ಕನೇ ನಂಬರಿಗೆ ಹೋದ.

"ಏಳ್ರಿ."

"ಒಂದ ನಿಮಿಷ," ಎಂದ ಹಣಮಂತಪ್ಪ ಪರದೆಯಿಂದ ಕಣ್ಣು ಕೀಳದೆ. "ಒಬ್ಬರು ನಡುದಾರ್ಯಾಗ ನಿಂತಾರ. ಅವರಿಗೆ ಹೇಳಿ ಏಳತೇನಿ."

ಸುಭಾಸ ಅವನ ಅಂಗಿಯ ಕಾಲರಿಗೆ ಕೈಹಾಕಿ ಎಬ್ಬಿಸಿದ. ಕುರ್ಚಿ ಬಿತ್ತು. "ಯಾವ ಹುಡಿಗ್ಯಾರಿಗೆ ಬಲಿ ಬೀಸಾಕ ಹತ್ತೀ ಇಲ್ಲಿ ಕುಂತು? ವಯಸ್ಸಿನ ಖಬರ ಐತಿಲ್ಲ ನಿನಗ?"

ಹುಡುಗಿಯರು ಎದ್ದು ನಿಂತರು. ಹಣಮಂತಪ್ಪ ಸುಭಾಸನ ಕೈ ಬಿಡಿಸಿಕೊಳ್ಳಲೂ ಹೋಗಲಿಲ್ಲ.

"ಸುಭಾಸ, ಬಿಡು ಅವರನ್ನ," ಎಂದಳು ಅನ್ನಪೂರ್ಣಾ. ತನ್ನ ದನಿ ತನಗೇ ಸಣ್ಣದಾಗಿ ಕೇಳಿಸಿತು. "ನಾನ ಸುಳ್ಳ ಹೆಸರ ಇಟಗೊಂಡು ಹುಡಿಗಿ ಅಂತ ಬರದು ನೋಡೇನಿ. ಫೋನ ನಂಬರ ಕೇಳೀದ್ರ ಕೊಡಲಿಲ್ಲ. ನನಗ ಬುದ್ಧಿ ಹೇಳ್ಯಾರ."

ಸುಭಾಸನ ಕೈ ಸಡಿಲಾಯಿತು. ಹಣಮಂತಪ್ಪ ಕಾಲರು ಸರಿಮಾಡಿಕೊಂಡ.

"ನೀಲಾ ನೀವ ಅಂತ ಎರಡನೇ ದಿನಾನ ಗೊತ್ತಾತ್ರಿ ಟೀಚರ್. ಹತ್ತೂ ಬೆರಳಿಲೆ ಟೈಪ ಹೊಡಿಯೋರು ಇಲ್ಲಿ ನೀವೊಬ್ರ. ನಿಮ್ಮ ಸಪ್ಪಳ ನಿಂತ ಕೂಡ್ಲೆ ನನ್ನ ಮುಂದ ಪ್ರಶ್ನೆ ಬರತಿತ್ತು."

"ಗೊತ್ತಿದ್ದೂ ಯಾಕ ಹೇಳ್ಕೋತ ಕುಂತ್ರಿ?"

"ನೀವ ಕೇಳಿದ್ರಲ್ರಿ," ಎಂದ. ಮತ್ತೆ ನೆಲ ನೋಡುತ್ತ, "ಕಿಟಕ್ಯಾಗ ಕುಂತಾಗ ಕೇಳಿದವರಿಗೆ ಹೇಳಲಿಲ್ಲ," ಎಂದ. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದು ಹೋದ.

"ನೋಡಿದಿ?" ಎಂದ ಸುಭಾಸ. "ನೀನ ಅಂತ ಗೊತ್ತಿತ್ತಂತ ಸಾಚಾ ಆಗಿ ಕುಂತಾನ. ಇಂಥವರನ್ನ ನಂಬಬ್ಯಾಡ." ಅವನು ಹೋದ. ಹುಡುಗಿಯರೂ ಒಬ್ಬೊಬ್ಬರಾಗಿ ಹೋದರು.

ಬಿದ್ದ ಕುರ್ಚಿ ಎತ್ತಿಟ್ಟು ಕಂಪ್ಯೂಟರು ಬಂದ್ ಮಾಡಲು ಬಗ್ಗಿದಾಗ ಅವನ ಆಟ ತೆರೆದೇ ಇತ್ತು. ಪಕ್ಕದಲ್ಲಿ ಅವನು ಬರೆದದ್ದೆಲ್ಲ ತಾರೀಕಿನ ಸಮೇತ ಉಳಿದಿತ್ತು. ಅವಳು ಮೇಲಕ್ಕೆ ಸರಿಸುತ್ತ ಹೋದಳು. ಹೋದ ತಿಂಗಳು, ಅದರ ಹಿಂದಿನ ತಿಂಗಳು. ನೀಲಾ ಹುಟ್ಟುವುದಕ್ಕೆ ಎಷ್ಟೋ ಮೊದಲು. ಯಾರುಯಾರಿಗೋ, ಅವನ ತಪ್ಪು ಕಾಗುಣಿತದ ಇಂಗ್ಲಿಷಿನಲ್ಲಿ: ನಿನ್ನ ಊರು ಹೇಳಬೇಡ. ನನಗೂ ಹೇಳಬೇಡ. ನಾನು ಯಾರೆಂದು ನಿನಗೇನು ಗೊತ್ತು?

ಕೆಳಗೆ ಹೊಸ ಸಾಲು ಮೂಡಿತು. 'ಇದ್ದೀರಾ? ಕತ್ತಲಾಗುತ್ತಿದೆ. ಯಾವ ಕಡೆ ಹೋಗಲಿ?'

ಆ ಕಾಡಿನ ದಾರಿ ಅನ್ನಪೂರ್ಣಾಳಿಗೆ ಗೊತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. ಹತ್ತೂ ಬೆರಳು ಕೀಲಿಗಳ ಮೇಲೆ ತಾವಾಗಿ ಬಂದು ಕೂತವು, ಆದರೆ ಅವಳು ಒಂದೊಂದೇ ಅಕ್ಷರ ಒತ್ತಿದಳು. 'ಕಂಟ್ರೋಲರ್ ಎದ್ದು ಹೋಗಿದ್ದಾರೆ. ನಾನು ಬೇರೆಯವಳು, ನನಗೆ ದಾರಿ ಗೊತ್ತಿಲ್ಲ. ನಿನಗೆ ಈಗ ಏನೇನು ಕಾಣುತ್ತಿದೆ, ಹೇಳು.'