ಉಸಿರು ಹಿಡಿದು ಕೊಟ್ಟ ಅಳತೆ

ಕುಮಾಸಿ ಪಟ್ಟಣದ ಅಫ್ರಿಯೆಯ ಹೊಲಿಗೆಯಂಗಡಿಯಲ್ಲಿ ಆ ಗುರುವಾರ ಮದುವಣಗಿತ್ತಿ ಅನಿಮಾ ಕನ್ನಡಿ ಮುಂದೆ ನಿಂತಿದ್ದಳು. ಬಣ್ಣಬಣ್ಣದ ಪಟ್ಟಿ ನೇಯ್ದ ಕೆಂಟೆ ಬಟ್ಟೆಯ ಗೌನು ಮೈಮೇಲಿತ್ತು, ಉಸಿರು ಮಾತ್ರ ಎಲ್ಲಿತ್ತೋ ದೇವರೇ ಬಲ್ಲ. ಎದೆಯಿಂದ ಸೊಂಟದವರೆಗೆ ಒಳಗೆ ಕಡ್ಡಿ ಕೂರಿಸಿ, ಬೆನ್ನ ಮೇಲೆ ದಾರ ಜಗ್ಗಿ ಕಟ್ಟಿದ್ದಳು ಅಫ್ರಿಯೆ. ಮದುವೆ ನಾಡಿದ್ದು.

"ಇನ್ನೊಂಚೂರು ಎಳಿಯೇ ಅಫ್ರಿಯೆ," ಅಂದಳು ಗಂಡಿನ ಸೋದರತ್ತೆ ಡೂಫಿ, ಸ್ಟೂಲಿನ ಮೇಲೆ ಕೂತು ಕರಿದ ಬಾಳೆಹಣ್ಣು ಮೆಲ್ಲುತ್ತ. "ಸೊಂಟ ಹಿಡಿಯೊಳಗೆ ಸಿಗಬೇಕು."

"ಅತ್ತೆ, ಉಸಿರಾಡೋಕಾಗ್ತಿಲ್ಲ."

"ಒಂದು ದಿನ ಆಡದಿದ್ರೆ ಸತ್ತೋಗ್ತೀಯಾ? ಮೀನಂಗಡೀಲಿ ಹದಿನೈದು ವರ್ಷ ಕಿರುಚಿದ್ದು ಸಾಲ್ದಾ?"

ಅನಿಮಾ ಹೊಗೆಮೀನು ಮಾರುವವಳು. ಅವಳ ಕೂಗು ಮೂರು ಸಾಲು ಅಂಗಡಿಗಳಾಚೆ ಕೇಳುತ್ತಿತ್ತು. ಮದುವೆಯ ಗಂಡು ಅಚಾಂಪಾಂಗ್ ಅವಳನ್ನು ಮೆಚ್ಚಿದ್ದೇ ಆ ಕೂಗಿಗೆ. ಅವನ ಮನೆಯವರಿಗೆ ಅದೇ ನಾಚಿಕೆ.

"ನಾಡಿದ್ದು ಹಿರಿಯರು ಮೂರು ಸಲ ಕೇಳ್ತಾರಲ್ಲತ್ತೆ, 'ಗಂಡಿನವರು ತಂದ ಮದ್ಯದ ಶೀಸೆ ಒಳಗೆ ತಗೊಳ್ಳೋಣವೇನಮ್ಮಾ' ಅಂತ. ಮೂರು ಸಲಾನೂ ನಾನೇ ಬಾಯಿಬಿಟ್ಟು ಹೂಂ ಅಂದ್ರೇನೇ ಮದುವೆ. ಇದರಲ್ಲಿ ಹ್ಯಾಗೆ ಹೇಳ್ಲಿ?"

"ತಲೆ ಆಡಿಸು ಸಾಕು. ನಿನ್ನ ಪರವಾಗಿ ನಾನು ಹೂಂ ಅಂತೀನಿ. ನಮ್ಮನೇಗೆ ಬರೋ ಸೊಸೆ ಬಾಯಿ ಮಾಡ್ಬಾರ್ದು."

ಅಳತೆ ತೆಗೆಯುವ ದಿನವೂ ಇದೇ ಡೂಫಿ ಪಕ್ಕದಲ್ಲಿ ನಿಂತು "ಹೊಟ್ಟೆ ಒಳಗೆಳಿ, ಉಸಿರು ಹಿಡಿ" ಅಂದಿದ್ದಳು. ಅನಿಮಾ ಪೆದ್ದಿಯ ಹಾಗೆ ಹಿಡಿದಿದ್ದಳು.

"ಅಫ್ರಿಯಕ್ಕ, ದಾರ ಬಿಚ್ಚು."

"ಬಿಚ್ಚಿದ್ರೆ ನೋಡು! ಬಟ್ಟೆ ನಮ್ಮದು. ನಮ್ಮ ಚರ್ಚಿನ ಒಂದು ಹೆಣ್ಣೂ ಇನ್ನು ನಿನ್ನ ಹೊಸ್ತಿಲು ತುಳಿಯಲ್ಲ."

ಅಫ್ರಿಯೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಇಬ್ಬರ ಮುಖವನ್ನೂ ನೋಡಿದಳು. ಅನಿಮಾ ಕಾಯಲಿಲ್ಲ. ಕೈ ಹಿಂದೆ ಮಾಡಿ ಗಂಟು ಜಗ್ಗಿದಳು. ಗೌನು ಕಾಲ ಬುಡಕ್ಕೆ ಜಾರಿತು. ಒಳಲಂಗದಲ್ಲೇ ನಿಂತು, ಅದನ್ನು ಮಡಿಸಿ ಅತ್ತೆಯ ಮಡಿಲಿಗಿಟ್ಟಳು, ಬಾಳೆಹಣ್ಣಿನ ಪೊಟ್ಟಣದ ಮೇಲೇ.

"ತಗೊಂಡ್ಹೋಗಿ. ನಾನು ಮೀನು ಮಾರೋ ಬಟ್ಟೇಲೇ ನಿಂತ್ಕೋತೀನಿ. ಆದ್ರೆ ಹೇಳೋಳು ನಾನೇ. ಹೂಂ ಅಂದ್ರೂ ಬೀದಿಗೆಲ್ಲ ಕೇಳ್ಬೇಕು, ಉಹೂಂ ಅಂದ್ರೂ ಬೀದಿಗೆಲ್ಲ ಕೇಳ್ಬೇಕು!"

ಡೂಫಿಯ ಕೈಯ ತುಂಡು ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ಶಾಮಿಯಾನಕ್ಕೆ ಹೇಳಿಯಾಗಿದೆ, ಊರೆಲ್ಲ ಕರೆದಾಗಿದೆ. ತುಂಬಿದ ಅಂಗಳದಲ್ಲಿ ಇವಳು ಉಹೂಂ ಅಂದುಬಿಟ್ಟರೆ ಯಾವ ಮುಖ ಹೊತ್ತು ತಿರುಗುವುದು?

ಅಫ್ರಿಯೆ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು.

"ತಪ್ಪು ನಂದೇ ಡೂಫಮ್ಮ. ಬದುಕಿರೋಳಿಗೆ ಹೆಣದ ಅಳತೆ ತೆಗೆದೆ. ಚರ್ಚಿನವರಿಗೂ ಹಾಗೇ ಹೇಳಿ," ಎಂದು ಮಡಿಲಿನಿಂದ ಗೌನನ್ನು ಎತ್ತಿಕೊಂಡು ಪಕ್ಕದ ಹೊಲಿಗೆ ಬಿಚ್ಚತೊಡಗಿದಳು. ಒಳಗೆ ನಾಲ್ಕು ಬೆರಳು ಬಟ್ಟೆ ಉಳಿಸಿಯೇ ಹೊಲಿಯುವ ಕೈ ಅವಳದು. ಆಮೇಲೆ ಟೇಪು ತಂದು ಅನಿಮಾಳ ಎದೆಗೆ ಸುತ್ತಿದಳು.

"ಈಗ ತುಂಬ್ಕೋ ನೋಡೋಣ, ಮಾರ್ಕೆಟ್ಟಲ್ಲಿ ಕೂಗೋಕೆ ಮುಂಚೆ ತುಂಬ್ಕೋತೀಯಲ್ಲ, ಹಾಗೆ."

ಟೇಪು ಬೆರಳ ನಡುವೆ ಜಾರಿತು. ಮೂವತ್ತೆಂಟು ಇಂಚು. ಮೂವತ್ತೊಂಬತ್ತು.

"ಸಾಕೇನೇ?"

"ತಡಿಯಕ್ಕ," ಅಂದಳು ಅನಿಮಾ, ಡೂಫಿಯ ಮೇಲಿಟ್ಟ ಕಣ್ಣು ಕೀಳದೆ. "ಇನ್ನೂ ಇದೆ."